ಐಯೊ ಯಾಕೆ ತಣ್ಣಗಾಗುವುದಿಲ್ಲ? ಓದುಗರ ಪ್ರಶ್ನೆಗಳಿಗೆ ಉತ್ತರ

ಗುರು ಗ್ರಹದ ನಾಲ್ಕು ದೊಡ್ಡ ಚಂದ್ರರ ಪೈಕಿ ಗುರುವಿಗೆ ತೀರಾ ಹತ್ತಿರ ಇರುವುದು ಐಯೊ. ಸೌರಮಂಡಲದಲ್ಲಿ ಇಷ್ಟೊಂದು ಜ್ವಾಲಾಮುಖಿಗಳು ಏಕಕಾಲಕ್ಕೆ ಉಕ್ಕುವ ಜಾಗ ಮತ್ತೊಂದಿಲ್ಲ. ಈವರೆಗೆ ಗುರುತಿಸಿದವೇ ಸುಮಾರು 400. ಈ ಬಾರಿಯ ಪ್ರಶ್ನೆಗಳೆಲ್ಲ ಅದರ ಬಗ್ಗೆಯೇ.

ಪ್ರಶ್ನೆ: ಐಯೊ ನಮ್ಮ ಚಂದ್ರನಿಗಿಂತ ಸ್ವಲ್ಪವೇ ದೊಡ್ಡದು. ಚಂದ್ರ ಎಂದೋ ತಣ್ಣಗಾಗಿದ್ದಾನೆ. ಐಯೊ ಒಳಗಿನ ಬೆಂಕಿಗೆ ಮಾತ್ರ ಸೌದೆ ಎಲ್ಲಿಂದ ಬರುತ್ತಿದೆ?

ಸೌದೆ ಇರುವುದು ಐಯೊ ಒಳಗಲ್ಲ, ಅದರ ಕಕ್ಷೆಯಲ್ಲಿ.

ನಿಮ್ಮ ಹೋಲಿಕೆ ಸರಿಯಾಗಿದೆ. ಚಂದ್ರನ ವ್ಯಾಸ 3,474 ಕಿ.ಮೀ., ಐಯೊದ್ದು 3,643. ದೂರವೂ ಹೆಚ್ಚುಕಮ್ಮಿ ಅಷ್ಟೇ: ಚಂದ್ರ ಭೂಮಿಯಿಂದ 3,84,400 ಕಿ.ಮೀ., ಐಯೊ ಗುರುವಿನ ಕೇಂದ್ರದಿಂದ 4,21,700 ಕಿ.ಮೀ. ವ್ಯತ್ಯಾಸವೆಲ್ಲ ಎಳೆಯುವವನಲ್ಲಿದೆ. ಗುರುವಿನ ರಾಶಿ ಭೂಮಿಯ 318 ಪಟ್ಟು. ಚಂದ್ರ 27 ದಿನ ತೆಗೆದುಕೊಳ್ಳುವ ಸುತ್ತನ್ನು ಐಯೊ 42 ಗಂಟೆ 28 ನಿಮಿಷದಲ್ಲಿ ಮುಗಿಸುತ್ತದೆ.

ಇಷ್ಟು ಬಲವಾದ ಎಳೆತಕ್ಕೆ ಐಯೊ ಗುರುವಿನ ದಿಕ್ಕಿಗೆ ಉಬ್ಬಿಕೊಂಡಿದೆ. ಆದರೆ ಉಬ್ಬು ಇದ್ದ ಮಾತ್ರಕ್ಕೆ ಶಾಖ ಹುಟ್ಟುವುದಿಲ್ಲ. ಅದು ಏರಿ ಇಳಿಯಬೇಕು. ಐಯೊ ಕಕ್ಷೆ ಪೂರ್ತಿ ದುಂಡಗಿಲ್ಲದ ಕಾರಣ ಪ್ರತಿ ಸುತ್ತಿನಲ್ಲೂ ಅದು ಗುರುವಿಗೆ ಸುಮಾರು 3,450 ಕಿ.ಮೀ. ಹತ್ತಿರ ಬಂದು ಮತ್ತೆ ದೂರ ಸರಿಯುತ್ತದೆ. ಒಟ್ಟು ದೂರದಲ್ಲಿ ಇದು ಶೇಕಡಾ ಒಂದೂ ಅಲ್ಲ, ಐಯೊದ ಅಗಲಕ್ಕಿಂತಲೂ ಕಮ್ಮಿ. ಅಷ್ಟಕ್ಕೇ ಅದರ ಗಟ್ಟಿ ನೆಲ ಸುಮಾರು 100 ಮೀಟರ್‌ವರೆಗೆ ಏರಿಳಿಯುತ್ತದೆ. ಭೂಮಿಯ ಗಟ್ಟಿ ನೆಲ ಚಂದ್ರನ ಎಳೆತಕ್ಕೆ ಏರಿಳಿಯುವುದು ಅರ್ಧ ಮೀಟರ್ ಆಸುಪಾಸು. ಹೀಗೆ ಎರಡು ದಿನಕ್ಕೊಮ್ಮೆ ಹಿಸುಕಿಸಿಕೊಳ್ಳುವ ಬಂಡೆ ಒಳಗೇ ಉಜ್ಜಿಕೊಂಡು ಕಾಯುತ್ತದೆ.

ಇಲ್ಲೊಂದು ತೊಡಕಿದೆ. ಇಂಥ ಉಜ್ಜಾಟ ಕಾಲಕ್ರಮೇಣ ಕಕ್ಷೆಯನ್ನು ದುಂಡಗೆ ಮಾಡಿಬಿಡಬೇಕು. ಕಕ್ಷೆ ದುಂಡಗಾದರೆ ಶಾಖವೂ ನಿಲ್ಲಬೇಕು. ಹಾಗಾಗಲು ಬಿಡದಿರುವುದು ಪಕ್ಕದ ಚಂದ್ರರು. ಐಯೊ ನಾಲ್ಕು ಸುತ್ತು ಮುಗಿಸುವಷ್ಟರಲ್ಲಿ ಯುರೋಪಾ ಎರಡು, ಗ್ಯಾನಿಮೀಡ್ ಒಂದು ಸುತ್ತು ಮುಗಿಸುತ್ತವೆ. ಯುರೋಪಾ ಮತ್ತು ಐಯೊ ಒಂದೇ ಸಾಲಿಗೆ ಬರುವುದು ಪ್ರತಿ ಸಲವೂ ಐಯೊ ಗುರುವಿಗೆ ಅತಿ ಹತ್ತಿರ ಇದ್ದಾಗಲೇ. ಉಯ್ಯಾಲೆಯನ್ನು ಸರಿಯಾದ ಗಳಿಗೆಯಲ್ಲಿ ತಳ್ಳಿದ ಹಾಗೆ, ಸಣ್ಣ ಎಳೆತವೂ ಸುತ್ತಿನಿಂದ ಸುತ್ತಿಗೆ ಕೂಡಿಕೊಳ್ಳುತ್ತದೆ. ಕಕ್ಷೆಯ ಸೊಟ್ಟ ಹಾಗೇ ಉಳಿಯುತ್ತದೆ.

ಶಕ್ತಿಯ ಮೂಲ ಮಾತ್ರ ಯುರೋಪಾ ಅಲ್ಲ. ಗುರು ತನ್ನ ಅಕ್ಷದ ಮೇಲೆ ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುತ್ತಾನೆ. ಐಯೊ ಗುರುವಿನ ಮೈಮೇಲೂ ಒಂದು ಉಬ್ಬು ಎಬ್ಬಿಸುತ್ತದೆ. ವೇಗವಾಗಿ ತಿರುಗುವ ಗುರು ಆ ಉಬ್ಬನ್ನು ತುಸು ಮುಂದಕ್ಕೆ ಒಯ್ಯುತ್ತಾನೆ, ಉಬ್ಬು ಐಯೊವನ್ನು ಮುಂದಕ್ಕೆ ಎಳೆಯುತ್ತದೆ. ಹಾಗಾಗಿ ಕೊನೆಯ ಲೆಕ್ಕದಲ್ಲಿ ಐಯೊದ ಬೆಂಕಿಗೆ ಬಿಲ್ಲು ಕಟ್ಟುತ್ತಿರುವುದು ಗುರುವಿನ ತಿರುಗಾಟ.

ಮೊತ್ತ ಎಷ್ಟು? ಐಯೊ ಹೊರಸೂಸುವ ಶಾಖ ಸುಮಾರು 100 ಲಕ್ಷ ಕೋಟಿ ವ್ಯಾಟ್. ಇದು ಭೂಮಿಯ ಒಳಗಿನಿಂದ ಹೊರಬರುವ ಒಟ್ಟು ಶಾಖದ ಎರಡು ಪಟ್ಟು, ಅದೂ ಭೂಮಿಯ ಹನ್ನೆರಡನೇ ಒಂದು ಭಾಗದಷ್ಟು ಮೇಲ್ಮೈಯಿಂದ.

ಪ್ರಶ್ನೆ: ಇದನ್ನು ತರಗತಿಯಲ್ಲಿ ಮಕ್ಕಳಿಗೆ ತೋರಿಸುವುದು ಹೇಗೆ? ರಬ್ಬರ್ ಬ್ಯಾಂಡ್ ಎಳೆದು ತುಟಿಗೆ ತಾಗಿಸಿದರೆ ಬೆಚ್ಚಗಿರುತ್ತದಲ್ಲ, ಅದು ಸಾಕೇ?

ದಯವಿಟ್ಟು ರಬ್ಬರ್ ಬೇಡ. ಅದು ಜನಪ್ರಿಯ, ಆದರೆ ತಪ್ಪು ಉದಾಹರಣೆ. ರಬ್ಬರ್ ಎಳೆದಾಗ ಬೆಚ್ಚಗಾಗುತ್ತದೆ, ಬಿಟ್ಟಾಗ ಬಹುಮಟ್ಟಿಗೆ ಅಷ್ಟೇ ತಣ್ಣಗಾಗುತ್ತದೆ. ಎಳೆದ ಬ್ಯಾಂಡನ್ನು ಹತ್ತು ಸೆಕೆಂಡ್ ಹಾಗೇ ಹಿಡಿದು, ಸಡಿಲಿಸಿ, ಕೂಡಲೇ ತುಟಿಗಿಟ್ಟರೆ ತಂಪು ಗೊತ್ತಾಗುತ್ತದೆ. ಐಯೊದಲ್ಲಿ ಶಾಖ ಹೀಗೆ ವಾಪಸ್ ಹೋಗುವುದಿಲ್ಲ. ಹಿಂಡಿದಾಗಲೂ ಬಿಟ್ಟಾಗಲೂ ಜಮೆಯಾಗುತ್ತಲೇ ಇರುತ್ತದೆ.

ಒಂದೂವರೆ-ಎರಡು ಮಿ.ಮೀ. ದಪ್ಪದ ಕಬ್ಬಿಣದ ತಂತಿ, ಒಂದು ಅಡಿ ಉದ್ದ ತೆಗೆದುಕೊಳ್ಳಿ. ಎರಡು ಇಕ್ಕಳದಲ್ಲಿ ಹಿಡಿದು ಒಂದೇ ಜಾಗದಲ್ಲಿ ಆ ಕಡೆ ಈ ಕಡೆ ಬೇಗ ಬೇಗ ಹತ್ತು-ಹದಿನೈದು ಸಲ ಬಗ್ಗಿಸಿ. ಬಗ್ಗಿದ ಜಾಗವನ್ನು ಮಣಿಕಟ್ಟಿನ ಒಳಭಾಗಕ್ಕೆ ಮೆಲ್ಲಗೆ ತಾಗಿಸಿದರೆ ಬಿಸಿ ಹತ್ತುತ್ತದೆ. ಒತ್ತಿ ಹಿಡಿಯಬೇಡಿ, ಚುರುಕ್ ಎನ್ನುವಷ್ಟು ಕಾದಿರಬಹುದು. ಮುರಿದಿದ್ದರೆ ತುದಿ ಚುಚ್ಚುತ್ತದೆ. ಪ್ರಯೋಗ ಕೈಕೊಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ನಿಧಾನವಾಗಿ ಬಗ್ಗಿಸಿದರೆ ಹುಟ್ಟಿದ ಶಾಖ ತಂತಿಯುದ್ದಕ್ಕೂ ಸೋರಿಹೋಗುತ್ತದೆ. ಅಲ್ಯೂಮಿನಿಯಂ ತಂತಿ ತೆಗೆದುಕೊಂಡರೂ ಅದೇ ಗತಿ, ಅದು ಮೆತ್ತಗೆ ಬೇರೆ. ಮೊದಲನೆಯದರಿಂದ ಮಕ್ಕಳಿಗೆ ಒಂದು ಒಳ್ಳೆಯ ಪ್ರಶ್ನೆಯೂ ಸಿಗುತ್ತದೆ: ಶಾಖ ಸೋರುವುದಕ್ಕಿಂತ ಬೇಗ ಹುಟ್ಟಿದರೆ ಏನಾಗುತ್ತದೆ? ಐಯೊದಲ್ಲಿ ಆದದ್ದು ಅದೇ. ಬಂಡೆಯ ಮೂಲಕ ಸೋರಲು ಪುರಸೊತ್ತಿಲ್ಲದೆ ಶಾಖ ಲಾವಾರಸವಾಗಿ ಉಕ್ಕುತ್ತದೆ.

ಪ್ರಶ್ನೆ: ಹಾಗಾದರೆ ಯುರೋಪಾ, ಗ್ಯಾನಿಮೀಡ್ ಯಾಕೆ ಉಕ್ಕುವುದಿಲ್ಲ?

ದೂರ. ಯುರೋಪಾ 6,71,000 ಕಿ.ಮೀ.ನಲ್ಲಿದೆ, ಗ್ಯಾನಿಮೀಡ್ 10,70,000ದಲ್ಲಿ. ಈ ಬಗೆಯ ಶಾಖ ದೂರ ಹೆಚ್ಚಿದಂತೆ ಕಡಿದಾಗಿ ಇಳಿಯುತ್ತದೆ. ಯುರೋಪಾಕ್ಕೆ ಸಿಗುವ ಪಾಲು ಹಿಮದ ಚಿಪ್ಪಿನ ಕೆಳಗೆ ನೀರು ಹೆಪ್ಪುಗಟ್ಟದಂತೆ ನೋಡಿಕೊಳ್ಳಲು ಸಾಕು.

ಪ್ರಶ್ನೆ: ಐಯೊ ಜ್ವಾಲಾಮುಖಿಗಳನ್ನು ಕಾಣುವ ಮೊದಲೇ ಲೆಕ್ಕ ಹಾಕಿ ಹೇಳಿದ್ದರು ಎನ್ನುವುದು ನಿಜವೇ, ಆಮೇಲೆ ಕಟ್ಟಿದ ಕಥೆಯೇ?

ನಿಜ, ದಿನಾಂಕ ಸಮೇತ. ಸ್ಟ್ಯಾಂಟನ್ ಪೀಲ್, ಪ್ಯಾಟ್ರಿಕ್ ಕ್ಯಾಸೆನ್ ಮತ್ತು ರೇ ರೆನಾಲ್ಡ್ಸ್ ಅವರ ಲೇಖನ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದದ್ದು 1979ರ ಮಾರ್ಚ್ 2ರಂದು. ವಾಯೇಜರ್ 1 ನೌಕೆ ಐಯೊ ಪಕ್ಕದಲ್ಲಿ ಹಾದುಹೋದದ್ದು ಮಾರ್ಚ್ 5ರಂದು. ಹತ್ತಿರದ ಚಿತ್ರಗಳಲ್ಲಿ ಉಲ್ಕೆ ಬಡಿದ ಒಂದು ಕುಳಿಯೂ ಕಾಣದೆ ಹೋದಾಗಲೇ, ಈ ನೆಲ ಹೊಸದು ಎಂದು ವಿಜ್ಞಾನಿಗಳಿಗೆ ಅನುಮಾನ ಬಂದಿತ್ತು.

ಉಕ್ಕುತ್ತಿರುವ ಜ್ವಾಲಾಮುಖಿ ಸಿಕ್ಕಿಬಿದ್ದದ್ದು ಆಮೇಲೆ, ದಾರಿ ಲೆಕ್ಕ ಹಾಕಲು ತೆಗೆದ ಚಿತ್ರವೊಂದರಲ್ಲಿ. ನೌಕೆ ಎಲ್ಲಿದೆ ಎಂದು ತಿಳಿಯಲು ಐಯೊ ಹಿಂದಿನ ಮಂಕು ನಕ್ಷತ್ರಗಳು ಬೇಕಾಗಿದ್ದವು. ಮಾರ್ಚ್ 8ರ ಆ ಚಿತ್ರದಲ್ಲಿ ಲಿಂಡಾ ಮೊರಬಿಟೊ ಎಂಬ ಎಂಜಿನಿಯರ್ ಮಂಕು ಭಾಗದ ಹೊಳಪು ಹೆಚ್ಚಿಸಿ ನೋಡಿದಾಗ ಐಯೊ ಅಂಚಿನಾಚೆ ಇನ್ನೊಂದು ಚಂದ್ರ ಇಣುಕಿದಂತೆ ಕೊಡೆಯಾಕಾರದ ಬೆಳಕು ಕಂಡಿತು. ಅಲ್ಲಿ ಬೇರೆ ಚಂದ್ರ ಇರಲು ಸಾಧ್ಯವಿರಲಿಲ್ಲ. ಅದು ಪೆಲೆ ಜ್ವಾಲಾಮುಖಿಯ ಕಾರಂಜಿ. ಚಂದದ ಚಿತ್ರ ತೆಗೆಯಲು ಹೋಗಿದ್ದರೆ ಅಷ್ಟು ಮಂಕಾದದ್ದರ ಹೊಳಪನ್ನು ಯಾರೂ ಹೆಚ್ಚಿಸುತ್ತಿರಲಿಲ್ಲ.

ಪ್ರಶ್ನೆ: ಹೊಗೆ 300 ಕಿ.ಮೀ. ಎತ್ತರ ಏರುತ್ತದೆ ಎಂದರೆ ನಂಬುವುದು ಹೇಗೆ? ಗಾಳಿಯೇ ಇಲ್ಲದ ಕಡೆ ಹೊಗೆ ಏರುವುದಾದರೂ ಹೇಗೆ?

ಏರುವುದಿಲ್ಲ. ‘ಹೊಗೆ’ ಎಂಬ ಮಾತೇ ಇಲ್ಲಿ ದಾರಿ ತಪ್ಪಿಸುತ್ತದೆ. ಭೂಮಿಯಲ್ಲಿ ಜ್ವಾಲಾಮುಖಿಯ ಬೂದಿ ಸುತ್ತಲಿನ ಗಾಳಿಯನ್ನು ಕಾಯಿಸಿ, ಅದರ ಜೊತೆ ತೇಲಿ ಮೇಲೇರುತ್ತದೆ. ಐಯೊದಲ್ಲಿ ತೇಲಲು ಏನೂ ಇಲ್ಲ. ಒಂದೊಂದು ಕಣವೂ ಎಸೆದ ಕಲ್ಲಿನಂತೆ ಹೋಗಿ, ಕಲ್ಲಿನಂತೆಯೇ ಬಾಗಿ ಬೀಳುತ್ತದೆ. ಕಾರಂಜಿಗೆ ಕೊಡೆಯ ಆಕಾರ ಬರುವುದು ಅದರಿಂದ.

ಲೆಕ್ಕ ನೀವೇ ಮಾಡಿ ನೋಡಿ. ಎತ್ತರ ಬೇಕಿದ್ದರೆ ವೇಗದ ವರ್ಗವನ್ನು ಗುರುತ್ವದ ಎರಡರಷ್ಟರಿಂದ ಭಾಗಿಸಬೇಕು. ಐಯೊದ ಗುರುತ್ವ ಸೆಕೆಂಡಿಗೆ ಸೆಕೆಂಡಿಗೆ 1.8 ಮೀಟರ್. ಬಾಯಿಂದ ಸೆಕೆಂಡಿಗೆ 600 ಮೀಟರ್ ವೇಗದಲ್ಲಿ ಚಿಮ್ಮಿದರೆ 100 ಕಿ.ಮೀ. ಸೆಕೆಂಡಿಗೆ 1,000 ಮೀಟರ್ ಆದರೆ 278 ಕಿ.ಮೀ.; ಮೇಲೇರಿದಂತೆ ಗುರುತ್ವ ಇಳಿಯುವುದನ್ನೂ ಸೇರಿಸಿದರೆ 330ರ ಹತ್ತಿರ. 2007ರಲ್ಲಿ ನ್ಯೂ ಹೊರೈಜನ್ಸ್ ನೌಕೆ ಪ್ಲೂಟೊ ದಾರಿಯಲ್ಲಿ ಗುರುವನ್ನು ಹಾದುಹೋಗುವಾಗ ತ್ವಷ್ಟಾರ್ ಜ್ವಾಲಾಮುಖಿಯ ಮೇಲೆ ಕಂಡ ಕಾರಂಜಿಯ ಎತ್ತರ ಸುಮಾರು ಅಷ್ಟೇ. ಅದರಲ್ಲಿ ಚಿಮ್ಮಿದ ಕಣ ಮತ್ತೆ ನೆಲ ಮುಟ್ಟಲು ಇಪ್ಪತ್ತು ನಿಮಿಷ ಬೇಕು. ಇದೇ ವೇಗಕ್ಕೆ ಭೂಮಿಯಲ್ಲಿ, ಗಾಳಿ ಇಲ್ಲ ಎಂದುಕೊಂಡರೂ, 51 ಕಿ.ಮೀ. ದಾಟುವುದಿಲ್ಲ.

ತಳ್ಳುವುದು ಗಂಧಕ ಮತ್ತು ಗಂಧಕದ ಡೈಆಕ್ಸೈಡ್ ಅನಿಲ. ಹೊರಗೆ ಹೆಚ್ಚುಕಮ್ಮಿ ನಿರ್ವಾತವಾದ್ದರಿಂದ ಬಾಯಿ ಬಿಟ್ಟ ಕೂಡಲೇ ಅದು ರಭಸದಿಂದ ಹಿಗ್ಗುತ್ತದೆ. ಪೆಲೆಯಂಥ ದೊಡ್ಡ ಕಾರಂಜಿಗಳಿಗೆ ಅನಿಲ ಲಾವಾರಸದ ಒಳಗಿಂದಲೇ ಬರುತ್ತದೆ. ಪ್ರೊಮೀಥಿಯಸ್ ಎಂಬ ಜ್ವಾಲಾಮುಖಿಯ ಕಥೆ ಬೇರೆ, ನನಗೆ ಹೆಚ್ಚು ಇಷ್ಟವಾದದ್ದೂ ಅದೇ. ಅದರ ಕಾರಂಜಿ 100 ಕಿ.ಮೀ. ಒಳಗೆ, ಆದರೆ ನೌಕೆಗಳು ನೋಡಿದಾಗಲೆಲ್ಲ ಚಿಮ್ಮುತ್ತಲೇ ಇದೆ. 1979ರ ವಾಯೇಜರ್ ಚಿತ್ರಕ್ಕೂ 1996ರ ಗೆಲಿಲಿಯೊ ನೌಕೆಯ ಚಿತ್ರಕ್ಕೂ ನಡುವೆ ಆ ಕಾರಂಜಿ ಸುಮಾರು 80 ಕಿ.ಮೀ. ಪಶ್ಚಿಮಕ್ಕೆ ಸರಿದಿತ್ತು. ಜ್ವಾಲಾಮುಖಿ ನಡೆದದ್ದಲ್ಲ, ಲಾವಾರಸ ಹರಿದದ್ದು. ಹರಿಯುವ ಲಾವಾದ ಮುಂತುದಿ ನೆಲದ ಮೇಲಿನ ಗಂಧಕದ ಡೈಆಕ್ಸೈಡ್ ಹಿಮವನ್ನು ತಾಗಿ ಆವಿಯಾಗಿಸುತ್ತದೆ. ತುದಿ ಮುಂದೆ ಹೋದಂತೆ ಕಾರಂಜಿಯೂ ಹೋಗುತ್ತದೆ.

ಪ್ರಶ್ನೆ: ಚಿತ್ರಗಳಲ್ಲಿ ಕಾಣುವ ಹಳದಿ, ಕೆಂಪು, ಬಿಳಿ ಬಣ್ಣಗಳು ನಿಜವಾದವೇ? ತ್ವಷ್ಟಾರ್ ಎಂಬ ಹೆಸರು ಹೇಗೆ ಬಂತು?

ಬಣ್ಣಗಳು ನಿಜ, ಹಲವು ಚಿತ್ರಗಳಲ್ಲಿ ಸ್ವಲ್ಪ ಗಾಢ ಮಾಡಿರುತ್ತಾರೆ. ಹಳದಿ ಸಾಮಾನ್ಯ ಗಂಧಕ. ಬಿಳಿ, ಬೂದು ಬಣ್ಣದ್ದು ಗಂಧಕದ ಡೈಆಕ್ಸೈಡ್ ಹಿಮ. ಐಯೊ ನೆಲದ ಉಷ್ಣತೆ ಸುಮಾರು ಮೈನಸ್ 160 ಡಿಗ್ರಿ ಸೆಲ್ಸಿಯಸ್ ಎನ್ನುವುದನ್ನು ಮರೆಯಬೇಡಿ. ಕೆಂಪು ಎಂದರೆ ಮೂರು-ನಾಲ್ಕು ಪರಮಾಣುಗಳ ಗಿಡ್ಡ ಸರಪಳಿಯ ಗಂಧಕ, ಬಿಸಿ ಬಾಯಿಂದ ಈಚೆಗೆ ಬಿದ್ದದ್ದು. ಅದು ಕ್ರಮೇಣ ಹಳದಿಗೆ ತಿರುಗುವ ಕಾರಣ, ಕಡುಗೆಂಪು ಉಂಗುರ ಕಂಡರೆ ಆ ಜ್ವಾಲಾಮುಖಿ ಈಗಲೂ ಚುರುಕಾಗಿದೆ ಎಂದು ತಿಳಿಯಬಹುದು. ಪೆಲೆ ಸುತ್ತಲಿನ ಉಂಗುರ 1,000 ಕಿ.ಮೀ. ದಾಟಿದೆ. 1997ರಲ್ಲಿ ಪಕ್ಕದ ಪಿಲನ್ ಉಕ್ಕಿ, ಆ ಕೆಂಪು ಉಂಗುರದ ಮೇಲೆಯೇ 400 ಕಿ.ಮೀ. ಅಗಲದ ಕಪ್ಪು ಮಚ್ಚೆ ಹಾಕಿತು. ಪಿಲನ್ ಲಾವಾ 1,500 ಡಿಗ್ರಿಗೂ ಮೀರಿತ್ತು ಎಂದು ಹಳೆಯ ಲೇಖನಗಳಲ್ಲಿ ಓದಿದರೆ ತಿದ್ದಿಕೊಳ್ಳಿ. ಮರುಲೆಕ್ಕದಲ್ಲಿ ಅದು ಸುಮಾರು 1,340ಕ್ಕೆ ಇಳಿದಿದೆ.

ಹೆಸರಿನ ವಿಷಯ: ಐಯೊದ ಜ್ವಾಲಾಮುಖಿಗಳಿಗೆ ಲೋಕದ ಯಾವುದೇ ಪುರಾಣದ ಬೆಂಕಿ, ಸೂರ್ಯ, ಸಿಡಿಲು, ಕಮ್ಮಾರಿಕೆಯ ದೇವತೆಗಳ ಹೆಸರಿಡುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಪದ್ಧತಿ. ಪೆಲೆ ಹವಾಯಿಯ ದೇವಿ. ತ್ವಷ್ಟಾರ್ ಎಂದರೆ ಇಂದ್ರನಿಗೆ ವಜ್ರಾಯುಧ ಮಾಡಿಕೊಟ್ಟ ನಮ್ಮ ತ್ವಷ್ಟೃವೇ. ಸೂರ್ಯ, ಸವಿತೃ ಕೂಡ ಅಲ್ಲಿದ್ದಾರೆ.

ಪ್ರಶ್ನೆ: ಐಯೊ ಚಿಪ್ಪಿನ ಕೆಳಗೆ ಇಡೀ ಗೋಳವನ್ನು ಸುತ್ತುವರಿದ ಶಿಲಾಪಾಕದ (ಕರಗಿದ ಬಂಡೆಯ) ಸಾಗರ ಇದೆ ಎಂದು ಪುಸ್ತಕದಲ್ಲಿ ಓದಿದ್ದೇನೆ. ಈಗ ಇಲ್ಲ ಎನ್ನುತ್ತಾರಲ್ಲ?

ಪುಸ್ತಕ ಬರೆದವರ ತಪ್ಪಲ್ಲ. ಗೆಲಿಲಿಯೊ ನೌಕೆಯ ಕಾಂತಕ್ಷೇತ್ರದ ಅಳತೆಗಳನ್ನು ಮತ್ತೆ ಪರಿಶೀಲಿಸಿದವರು 2011ರಲ್ಲಿ ಅಂಥ ಪದರ ಇದೆ ಎಂದು ವಾದಿಸಿದ್ದರು. ಜೂನೊ ನೌಕೆ 2023ರ ಡಿಸೆಂಬರ್ 30 ಮತ್ತು 2024ರ ಫೆಬ್ರವರಿ 3ರಂದು ಐಯೊ ಮೇಲೆ ಸುಮಾರು 1,500 ಕಿ.ಮೀ. ಎತ್ತರದಲ್ಲಿ ಹಾರಿದ ಮೇಲೆ ಮಾತು ಬದಲಾಯಿತು.

ಉಪಾಯ ಸರಳವಾದದ್ದು. ಒಳಗೆ ದ್ರವದ ಪದರ ಇದ್ದರೆ ಮೇಲಿನ ಚಿಪ್ಪು ಅದರ ಮೇಲೆ ಜಾರುತ್ತದೆ, ಗೋಳ ಸಲೀಸಾಗಿ ಹಿಸುಕಿಸಿಕೊಳ್ಳುತ್ತದೆ. ಒಳಗೆ ಗಟ್ಟಿ ಇದ್ದರೆ ಬಿಗಿಯಾಗಿರುತ್ತದೆ. ಆಕಾರ ಬದಲಾದಷ್ಟೂ ಗುರುತ್ವ ಬದಲಾಗುತ್ತದೆ, ಗುರುತ್ವ ಬದಲಾದಷ್ಟೂ ಪಕ್ಕದಲ್ಲಿ ಹಾರುವ ನೌಕೆಯ ವೇಗ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾಗುತ್ತದೆ. ಆ ವ್ಯತ್ಯಾಸ ನೌಕೆಯ ರೇಡಿಯೊ ಸಂಕೇತದ ಕಂಪನಾಂಕದಲ್ಲಿ ಸಿಗುತ್ತದೆ. ಹೀಗೆ ಅಳೆದ ಮೆತುತನದ ಅಂಕ ಸುಮಾರು 0.125. ಆಳವಿಲ್ಲದ ಸಾಗರವೊಂದು ಇಡೀ ಐಯೊ ಸುತ್ತ ಇದ್ದಿದ್ದರೆ ಅಂಕ ಇದರ ಹಲವು ಪಟ್ಟು ಇರಬೇಕಿತ್ತು. ಹಾಗಾಗಿ ಒಳಗಿರುವುದು ಬಹುಮಟ್ಟಿಗೆ ಗಟ್ಟಿ ಬಂಡೆ; ಅದರ ಸಂದುಗಳಲ್ಲಿ, ಅಲ್ಲಲ್ಲಿನ ಗೂಡುಗಳಲ್ಲಿ ಶಿಲಾಪಾಕ.

ಆ ಗೂಡುಗಳು ಸಣ್ಣವೇನಲ್ಲ. 2024ರ ಡಿಸೆಂಬರ್ 27ರಂದು ಜೂನೊದ ಅವಕೆಂಪು ಕ್ಯಾಮೆರಾ ಐಯೊದ ದಕ್ಷಿಣದಲ್ಲಿ ಒಂದು ಲಕ್ಷ ಚದರ ಕಿ.ಮೀ. ಹರವಿನ ಬಿಸಿ ಪ್ರದೇಶ ಕಂಡಿತು. ಶಾಖ 80 ಲಕ್ಷ ಕೋಟಿ ವ್ಯಾಟ್‌ಗೂ ಮೇಲೆ. ಐಯೊದಲ್ಲಿ ಅದುವರೆಗೆ ದಾಖಲಾದ ಉಕ್ಕುಗಳಲ್ಲೆಲ್ಲ ದೊಡ್ಡದು.

ಪ್ರಶ್ನೆ: ಅಲ್ಲಿ ಮನುಷ್ಯ ಇಳಿಯಬಹುದೇ?

ಬೇಡ. ಲಾವಾಕ್ಕಿಂತ ಮೊದಲು ವಿಕಿರಣ ಕೊಲ್ಲುತ್ತದೆ: ದಿನಕ್ಕೆ ಸುಮಾರು 36 ಸೀವರ್ಟ್ (ಮೈಗೆ ತಗುಲುವ ವಿಕಿರಣದ ಅಳತೆ). ಐದು ಸೀವರ್ಟ್ ಒಮ್ಮೆಗೇ ತಗುಲಿದರೆ ಚಿಕಿತ್ಸೆ ಇಲ್ಲದವರಲ್ಲಿ ಅರ್ಧದಷ್ಟು ಜನ ಉಳಿಯುವುದಿಲ್ಲ.

ಪ್ರಶ್ನೆ: ನನ್ನ ಹತ್ತಿರ ನಾಲ್ಕು ಇಂಚಿನ ದೂರದರ್ಶಕ ಇದೆ. ಐಯೊ ಜ್ವಾಲಾಮುಖಿ ಕಾಣುತ್ತದೆಯೇ?

ಇಲ್ಲ. ಐಯೊ ನಮಗೆ ಹತ್ತಿರ ಇದ್ದಾಗಲೂ ಅದರ ಬಿಲ್ಲೆ 1.2 ಸೆಕೆಂಡ್ ಕೋನದಷ್ಟು (ಒಂದು ಸೆಕೆಂಡ್ ಕೋನ ಎಂದರೆ ಡಿಗ್ರಿಯ 3,600ನೇ ಒಂದು ಭಾಗ). ನಿಮ್ಮ ದೂರದರ್ಶಕ ಬಿಡಿಸಬಲ್ಲದ್ದೂ ಅದೇ ಸುಮಾರು. ಆದರೆ ಐಯೊ ನೆರಳು ಗುರುವಿನ ಮೇಲೆ ಸರಿಯುವುದನ್ನು ನೋಡಬಹುದು. ಶಾಯಿಯಲ್ಲಿ ಸೂಜಿಮೊನೆ ಅದ್ದಿ ಇಟ್ಟಂಥ ಕಪ್ಪು ಚುಕ್ಕೆ, ಒಂದು ಅಂಚಿನಿಂದ ಇನ್ನೊಂದಕ್ಕೆ ಎರಡು ಗಂಟೆ ಚಿಲ್ಲರೆ.

ದೂರದರ್ಶಕವನ್ನು ಅರ್ಧ ಗಂಟೆ ಮೊದಲೇ ಹೊರಗಿಡಿ. ಒಳಗಿನ ಬೆಚ್ಚಗಿನ ಗಾಳಿ ಚಿತ್ರವನ್ನು ಕುದಿಸುತ್ತದೆ. ಗುರು ದಿಗಂತದಿಂದ 40 ಡಿಗ್ರಿಯಾದರೂ ಮೇಲಿರಲಿ. 120ರಿಂದ 150 ಪಟ್ಟು ಹಿಗ್ಗಿಸಿದರೆ ಸಾಕು, 250ಕ್ಕೆ ಹೋದರೆ ಚುಕ್ಕೆ ಮಸುಕಾಗಿ ಕಳೆದುಹೋಗುತ್ತದೆ. ಸಮಯ ಸ್ಟೆಲೇರಿಯಂನಂಥ ತಂತ್ರಾಂಶದಲ್ಲಿ ಸಿಗುತ್ತದೆ. ಪಟ್ಟಿಯಿಂದ ತೆಗೆಯುವುದಾದರೆ ಅದು ಯುಟಿಸಿಯಲ್ಲಿದೆಯೇ (ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ನೋಡಿಕೊಳ್ಳಿ. ‘ಏನೂ ಕಾಣಲಿಲ್ಲ’ ಎಂಬ ದೂರುಗಳಲ್ಲಿ ಅರ್ಧ ಇದರಿಂದಲೇ.

ಇನ್ನೊಂದು ನೋಟ: ಐಯೊ ಗುರುವಿನ ನೆರಳಿಗೆ ಹೋಗುವುದು. ಮೂರೂವರೆ ನಿಮಿಷದಲ್ಲಿ ಚುಕ್ಕಿ ಮಂಕಾಗಿ ಆರಿಹೋಗುತ್ತದೆ. ನಮ್ಮ ಆಕಾಶದಲ್ಲಿ ಗುರು ಸೂರ್ಯನಿಗೆ ನೇರ ಎದುರು ದಿಕ್ಕಿಗೆ ಬರುವ ದಿನಕ್ಕೆ ಮೊದಲಿನ ತಿಂಗಳುಗಳಲ್ಲಿ ಆರುವುದು ಕಾಣುತ್ತದೆ, ಆಮೇಲಿನ ತಿಂಗಳುಗಳಲ್ಲಿ ಹೊತ್ತಿಕೊಳ್ಳುವುದು. 1676ರಲ್ಲಿ ಓಲೆ ರೋಮರ್ ಬೆಳಕಿಗೂ ವೇಗದ ಮಿತಿ ಇದೆ ಎಂದು ಹೇಳಿದ್ದು ಈ ಗ್ರಹಣಗಳು ತಡವಾಗುವುದನ್ನು ನೋಡಿಯೇ. ಗುರುವಿನ ನೆರಳಿನಲ್ಲಿರುವಾಗ ಐಯೊದ ತೆಳು ಗಂಧಕದ ಡೈಆಕ್ಸೈಡ್ ವಾಯುಮಂಡಲ ಹೆಚ್ಚಿನಂಶ ಹಿಮವಾಗಿ ನೆಲಕ್ಕೆ ಬಿದ್ದು, ಬಿಸಿಲು ಬಂದ ಮೇಲೆ ಮತ್ತೆ ಏಳುತ್ತದೆ.

ಪ್ರಶ್ನೆ: ಐಯೊವನ್ನು ರೇಡಿಯೊದಲ್ಲಿ ಕೇಳಬಹುದಂತೆ. ಹೇಗೆ?

ಕೇಳುವುದು ಗುರುವನ್ನು, ಮೀಟುವುದು ಐಯೊ. ಸೆಕೆಂಡಿಗೆ ಸುಮಾರು ಒಂದು ಟನ್ ಗಂಧಕ, ಆಮ್ಲಜನಕ ಐಯೊದಿಂದ ಕಳಚಿ, ವಿದ್ಯುದಾವೇಶ ಪಡೆದು ಗುರುವಿನ ಕಾಂತಕ್ಷೇತ್ರಕ್ಕೆ ಸಿಕ್ಕಿಬೀಳುತ್ತದೆ. ಆ ಕ್ಷೇತ್ರ ಗುರುವಿನ ಜೊತೆ ತಿರುಗುತ್ತಾ ಐಯೊವನ್ನು ಸೆಕೆಂಡಿಗೆ 57 ಕಿ.ಮೀ. ವೇಗದಲ್ಲಿ ಹಿಂದೆ ಹಾಕುತ್ತದೆ. ಐಯೊ ಅಡ್ಡಲಾಗಿ ನಾಲ್ಕು ಲಕ್ಷ ವೋಲ್ಟ್ ಹುಟ್ಟಿ, ಹತ್ತಾರು ಲಕ್ಷ ಆಂಪಿಯರ್ ವಿದ್ಯುತ್ ಗುರುವಿನ ಧ್ರುವಗಳತ್ತ ಹರಿಯುತ್ತದೆ. ಅಲ್ಲಿಂದ ಹೊರಡುವ ರೇಡಿಯೊ ಅಲೆಗಳು 40 ಮೆಗಾಹರ್ಟ್ಸ್ ಒಳಗಿರುತ್ತವೆ. ನೆಲದಿಂದ ಕೇಳಲು 18ರಿಂದ 24 ಮೆಗಾಹರ್ಟ್ಸ್ ಒಳ್ಳೆಯದು.

20.1 ಮೆಗಾಹರ್ಟ್ಸ್‌ಗೆ ಆಂಟೆನಾ: 3.55 ಮೀಟರಿನ ಎರಡು ತಾಮ್ರದ ತಂತಿ, ನಡುವೆ ಇನ್ಸುಲೇಟರ್, ಅಲ್ಲಿಂದ 75 ಓಮ್ ಕೇಬಲ್. ಪೂರ್ವ-ಪಶ್ಚಿಮವಾಗಿ, ನೆಲದಿಂದ ಮೂರು-ನಾಲ್ಕು ಮೀಟರ್ ಎತ್ತರದಲ್ಲಿ ಕಟ್ಟಿ. ಶಾರ್ಟ್‌ವೇವ್ ರಿಸೀವರ್ ಅಥವಾ ಎಸ್‌ಡಿಆರ್ (ಕಂಪ್ಯೂಟರ್ ತಂತ್ರಾಂಶದಿಂದ ನಡೆಯುವ ರೇಡಿಯೊ) ಎರಡೂ ಆಗುತ್ತದೆ. ಅಗ್ಗದ ಟಿವಿ ಡಾಂಗಲ್‌ಗಳು ಸಾಮಾನ್ಯವಾಗಿ 24 ಮೆಗಾಹರ್ಟ್ಸ್‌ಗಿಂತ ಕೆಳಗೆ ನೇರವಾಗಿ ಹಿಡಿಯುವುದಿಲ್ಲ, ಕಂಪನಾಂಕವನ್ನು ಮೇಲೇರಿಸುವ ಅಪ್‌ಕನ್ವರ್ಟರ್ ಬೇಕು. ತಾನಾಗಿ ಸದ್ದು ಹೊಂದಿಸುವ ಎಜಿಸಿಯನ್ನು ಆಫ್ ಮಾಡಿ. ಗುರುವಿನ ಸದ್ದು ನಿಧಾನವಾಗಿ ಏರಿಳಿಯುವಂಥದ್ದು, ಎಜಿಸಿ ಅದನ್ನೇ ಸಮತಟ್ಟು ಮಾಡಿಬಿಡುತ್ತದೆ.

ರಾತ್ರಿ ಕೇಳಿ, ಹಗಲು ಅಯಾನುಗೋಳ (ವಾಯುಮಂಡಲದ ಮೇಲಿನ ವಿದ್ಯುದಾವೇಶದ ಪದರ) ನುಂಗಿಹಾಕುತ್ತದೆ. ಐಯೊ ಗುರುವಿನ ಹಿಂದೆ ನಡುಮಧ್ಯದಲ್ಲಿದ್ದಾಗ ಸೊನ್ನೆ ಎಂದು ಎಣಿಸಿದರೆ, ಅದು 90 ಡಿಗ್ರಿ ಅಥವಾ 240 ಡಿಗ್ರಿ ಆಸುಪಾಸಿಗೆ ಬಂದಾಗ, ಗುರುವಿನ ಸರಿಯಾದ ಮಗ್ಗುಲೂ ನಮ್ಮ ಕಡೆ ತಿರುಗಿದ್ದರೆ, ಸಾಧ್ಯತೆ ಹೆಚ್ಚು. ಇ. ಕೆ. ಬಿಗ್ ಎಂಬವರು ಈ ನಂಟನ್ನು 1964ರಲ್ಲಿ ತೋರಿಸಿದರು. ಸದ್ದು ಎರಡು ಬಗೆ: ದಡಕ್ಕೆ ತೆರೆ ಬಂದು ಬಡಿದು ಹಿಂದೆ ಸರಿದ ಹಾಗೆ ಒಂದು, ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ ಇನ್ನೊಂದು. ಬಿಟ್ಟುಬಿಟ್ಟು ಚಟ್ ಎನ್ನುವುದು ಸಿಡಿಲು. ಒಂದೇ ಸಮನೆ ಗುಂಯ್ ಎನ್ನುವುದು ಹತ್ತಿರದ ಎಲ್‌ಇಡಿ ದೀಪದ ಡ್ರೈವರ್ ಅಥವಾ ಚಾರ್ಜರ್, ಒಂದೊಂದಾಗಿ ಕಿತ್ತು ನೋಡಿ. ಅನುಮಾನ ಬಂದರೆ ಟ್ಯೂನಿಂಗ್ ಅನ್ನು ನೂರು ಕಿಲೋಹರ್ಟ್ಸ್ ಆಚೀಚೆ ಸರಿಸಿ. ರೇಡಿಯೊ ಕೇಂದ್ರವಾದರೆ ಕಳೆದುಹೋಗುತ್ತದೆ, ಗುರುವಾದರೆ ಅಲ್ಲೂ ತೆರೆ ಬಡಿಯುತ್ತಿರುತ್ತದೆ.